ಎರಡು ಸಲ ಫೇಲಾದ ಹುಡುಗ

ದಾಖಲಾತಿ ಪುಸ್ತಕದ ಮೂವತ್ತೊಂದನೆಯ ಪುಟದಲ್ಲಿ ಡೈರೆಕ್ಟರು ಪಾಸಾಗಿದ್ದರು.

ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಪಾಸೇ. ಬರೀ ಪಾಸಲ್ಲ. ಒಂದನೇ ತರಗತಿ, ಎರಡನೇ ತರಗತಿ, ಮೂರನೇ ತರಗತಿ, ಮೂರರ ಮುಂದೆಯೂ ಮಾಸಿದ ನೀಲಿ ಶಾಯಿಯಲ್ಲಿ ಒಂದೇ ಷರಾ: ‘ಪ್ರಥಮ’. ಬರೆದ ಹೆಡ್‌ಮಾಸ್ತರರಿಗೆ ಆ ಹುಡುಗನ ಮೇಲೆ ಅದೆಷ್ಟು ಪ್ರೀತಿಯಿತ್ತೋ, ಮೂರು ಸಲವೂ ಒತ್ತಿನ ಬಾಲವನ್ನು ಉದ್ದಕ್ಕೆ ಎಳೆದು ಸುರುಳಿ ಸುತ್ತಿದ್ದರು.

“ಏನ್ ಮೇಡಂ, ಪುಸ್ತಕದೊಳಗೆ ಹಾವೇನಾದ್ರೂ ಕಾಣಿಸ್ತಾ?” ಅಂದ ರೆಕಾರ್ಡ್ ರೂಮಿನ ಗುಮಾಸ್ತ. ಸೊಂಟದಲ್ಲಿ ಸದಾ ಕೀಲಿಕೈ ಗೊಂಚಲು ಸದ್ದು ಮಾಡುತ್ತಿದ್ದುದರಿಂದ ಕಚೇರಿಯವರೆಲ್ಲ ಅವನನ್ನು ಬೀಗದಣ್ಣ ಎನ್ನುತ್ತಿದ್ದರು.

“ಇವರು ಫೇಲೇ ಆಗಿಲ್ಲ, ಬೀಗದಣ್ಣ.”

“ಒಳ್ಳೇದೇ ಆಯ್ತಲ್ಲ ಮತ್ತೆ?”

“ಅಯ್ಯೋ, ಫೇಲ್ ಆಗಿರ್ಬೇಕಿತ್ತಪ್ಪಾ!”

ಬೀಗದಣ್ಣ ಅವರ ಮುಖವನ್ನೇ ನೋಡಿದ. ಮೂವತ್ತೆರಡು ವರ್ಷ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದ ಈ ಹೆಂಗಸು ಒಂದು ವರ್ಷ ಎರಡು ತಿಂಗಳಿಂದ ವಾರಕ್ಕೆ ನಾಲ್ಕು ದಿನ ಅವನ ರೆಕಾರ್ಡ್ ರೂಮಿಗೆ ಬಂದು ಕೂರುತ್ತಿದ್ದರು. ಒಂದು ದಿನವೂ ಹೀಗೆ ತಲೆಬುಡವಿಲ್ಲದ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ.

ಅವರು ಬರೆಯುತ್ತಿದ್ದದ್ದು ಡೈರೆಕ್ಟರ ಜೀವನಚರಿತ್ರೆ. ವಿದ್ಯಾ ಇಲಾಖೆಗೆ ಆಮೇಲೆ ಇಪ್ಪತ್ತು ಜನ ಡೈರೆಕ್ಟರುಗಳು ಬಂದು ಹೋಗಿದ್ದರೂ ಜನರ ಬಾಯಲ್ಲಿ ಡೈರೆಕ್ಟರು ಅಂದರೆ ಅವರೊಬ್ಬರೇ. ಅರವತ್ತೇಳು ವರ್ಷಗಳ ಹಿಂದೆ, ಮೂರನೇ ತರಗತಿಯ ತನಕ ಯಾವ ಮಗುವನ್ನೂ ಫೇಲು ಮಾಡಕೂಡದು, ಯಾವ ಮಗುವಿನ ಹೆಸರನ್ನೂ ಪುಸ್ತಕದಿಂದ ತೆಗೆಯಕೂಡದು ಎಂದು ಆಜ್ಞೆ ಹೊರಡಿಸಿದವರು. ಸಣ್ಣ ಮಕ್ಕಳಿಗೆ ಸಣ್ಣ ಬೆಂಚು, ಆ ಬೆಂಚಿಗೆ ಬೆನ್ನು ಒರಗಿಸುವ ಹಲಗೆ, ಇವೆಲ್ಲ ಬಂದದ್ದೂ ಅವರ ಕಾಲದಲ್ಲೇ. ನಾಲ್ಕನೇ ತರಗತಿಯ ಪುಸ್ತಕದಲ್ಲಿ ಅವರ ಮೇಲೆ ಒಂದು ಪಾಠವಿತ್ತು. ಒಂದನೇ ತರಗತಿಯಲ್ಲಿ ಎರಡು ಸಲ ಫೇಲಾದ ಹುಡುಗ ಶಾಲೆಯ ಮೆಟ್ಟಿಲ ಮೇಲೆ ಸ್ಲೇಟು ತಬ್ಬಿಕೊಂಡು ಅತ್ತು, ನಾನು ದೊಡ್ಡವನಾದ ಮೇಲೆ ಯಾವ ಮಗುವೂ ಹೀಗೆ ಅಳಬಾರದು ಅಂದುಕೊಂಡು, ಕಡೆಗೆ ಡೈರೆಕ್ಟರೇ ಆದ ಕಥೆ. ಮೇಡಂ ಸ್ವತಃ ಐದನೇ ತರಗತಿಯಲ್ಲಿ ಲೆಕ್ಕದಲ್ಲಿ ಫೇಲಾಗಿ ಎರಡು ದಿನ ಊಟ ಬಿಟ್ಟು ಮಲಗಿದ್ದಾಗ ಸೋದರತ್ತೆ ಇದೇ ಪಾಠವನ್ನು ಎದುರಿಗೆ ಹಿಡಿದಿದ್ದರು. “ಡೈರೆಕ್ಟರೇ ಎರಡು ಸಲ ಡುಮ್ಕಿ ಹೊಡೆದೋರು. ನೀನು ಒಂದೇ ಸಲ. ಎರಡರಲ್ಲಿ ಒಂದು ಕಳೆದ್ರೆ ಎಷ್ಟೇ? ಅಷ್ಟಾದ್ರೂ ಬರತ್ತಲ್ಲ?” ಅಂದಿದ್ದರು. ಮೇಡಂ ನಕ್ಕು, ಎದ್ದು ಊಟ ಮಾಡಿದ್ದರು. ಮುಂದೆ ತಮ್ಮ ಎಷ್ಟೋ ವಿದ್ಯಾರ್ಥಿನಿಯರನ್ನು ಅದೇ ಕಥೆ ಹೇಳಿ ಊಟಕ್ಕೆ ಎಬ್ಬಿಸಿದ್ದರು.

ಈಗ ನೋಡಿದರೆ ಮಹಾಶಯರು ಫೇಲೇ ಆಗಿಲ್ಲ.

ಬೆರಳು ತಾನಾಗಿಯೇ ಒಂದು ಸಾಲು ಮೇಲೆ ಸರಿಯಿತು. ಅಲ್ಲಿ ಅದೇ ಮನೆತನದ ಹೆಸರು, ಅದೇ ತಂದೆಯ ಹೆಸರು, ಶಾಲೆಗೆ ಸೇರಿದ ಅದೇ ತಾರೀಖು. ವಯಸ್ಸು ಮಾತ್ರ ಎರಡು ವರ್ಷ ಹೆಚ್ಚು. ಮೊದಲ ವರ್ಷದ ಮುಂದೆ ‘ಅನುತ್ತೀರ್ಣ’. ಎರಡನೆಯ ವರ್ಷದ ಮುಂದೆ ‘ಅನುತ್ತೀರ್ಣ’. ಮೂರನೆಯ ವರ್ಷದ ಅಂಕಣದಲ್ಲಿ, ಬಾಲವಿಲ್ಲದ, ಸುರುಳಿಯಿಲ್ಲದ ಅಕ್ಷರದಲ್ಲಿ: ‘ಮಂದಬುದ್ಧಿ. ಹೆಸರು ತೆಗೆದಿದೆ.’

“ಇವರಿಗೆ ಒಬ್ಬ ಅಣ್ಣ ಇದ್ದ,” ಅಂದರು ಮೇಡಂ, ಮೆಲ್ಲಗೆ.

ಬೀಗದಣ್ಣ ಭುಜದ ಮೇಲಿಂದ ಬಗ್ಗಿ ಮನೆತನದ ಹೆಸರು ಓದಿದ. ಅಷ್ಟೇನೂ ಸಾಮಾನ್ಯವಲ್ಲದ, ಬಾಯಿ ತುಂಬುವಂಥ ಹೆಸರು. “ಈ ಹೆಸರಿನ ಬೋರ್ಡು ನಾನು ದಿನಾ ಬಸ್ಸಲ್ಲಿ ಬರೋವಾಗ ನೋಡ್ತೀನಲ್ಲ ಮೇಡಂ. ಗೂಡ್ಸ್ ಶೆಡ್ ಹಿಂದೆ. ಮರಗೆಲಸದ ಅಂಗಡಿ. ಬಹಳ ಹಳೇದು.”

ಆ ಸಂಜೆ ಮನೆಗೆ ಹೋದಾಗ ಗಂಡ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಅವರಿಗೆ ಡೈರೆಕ್ಟರೆಂದರೆ ಒಂದು ಬಗೆಯ ಸವತಿ ಇದ್ದಂತೆ. “ಏನಂತೆ? ಇವತ್ತಾದ್ರೂ ಹೊತ್ತಿಗೆ ಸರಿಯಾಗಿ ಬಿಟ್ರಾ ನಿಮ್ಮ ಡೈರೆಕ್ಟರು?”

ಮೇಡಂ ಚೀಲವನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದರು. ಗಂಡ ಒಂದು ಸಿಪ್ಪೆಯನ್ನೂ ಕೆಳಗೆ ಬೀಳಿಸದೆ ಕೇಳಿಸಿಕೊಂಡರು.

“ಸರಿ, ಪಾಸಾಗಿದ್ರು ಅಂತ ಬರಿ. ಅದರಲ್ಲೇನಿದೆ?”

“ಹಾಗಲ್ಲರೀ. ಫೇಲಾದ ಮಕ್ಕಳಿಗೆ ಅದೊಂದು ಧೈರ್ಯ. ಫೇಲಾದ್ರೂ ಡೈರೆಕ್ಟರಾಗಬಹುದು ಅಂತ.”

“ನಾನೂ ಫೇಲಾದವನೇ ಕಣೇ. ಎಂಟನೇ ಕ್ಲಾಸು. ಫೇಲಾದೋರೆಲ್ಲ ಡೈರೆಕ್ಟರಾಗ್ತಾ ಹೋದ್ರೆ ಬಸ್ಸು ಯಾರು ಓಡಿಸ್ತಾರೆ?” ಅಂದು ಒಂದು ಹಸಿ ಬಟಾಣಿ ಬಾಯಿಗೆ ಹಾಕಿಕೊಂಡರು. “ಮೊದಲು ಆ ಅಂಗಡಿಗೆ ಹೋಗಿ ನೋಡ್ಕೊಂಡು ಬಾ.”

ಗೂಡ್ಸ್ ಶೆಡ್ಡಿನ ಹಿಂದಿನ ರಸ್ತೆ ಅಂಕುಡೊಂಕಾಗಿ ಹೋಗಿ ತಗಡಿನ ಮಾಡಿನ ಉದ್ದನೆಯ ಕಟ್ಟಡವೊಂದರ ಮುಂದೆ ಮುಗಿಯುತ್ತಿತ್ತು. ಬಾಗಿಲ ಒಳಗೆ ಕಾಲಿಟ್ಟರೆ ಹಸಿ ಮರದ, ಅಂಟಿನ, ಬೆಚ್ಚಗಾದ ಕಬ್ಬಿಣದ ವಾಸನೆ. ನಾಲ್ಕೈದು ಜನ ಕೆಲಸದಲ್ಲಿದ್ದರು. ನೆಲದ ಮೇಲೆ ಕೀಸಿದ ಮರದ ಸುರುಳಿಗಳು ಪಾದ ಮುಳುಗುವಷ್ಟು ಬಿದ್ದಿದ್ದವು. ಕಿಟಕಿಯ ಹತ್ತಿರ, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡ, ಬಹಳ ಎತ್ತರದ, ಬಹಳ ಉದ್ದ ಕಾಲುಗಳ ಮುದುಕರೊಬ್ಬರು ಕುರ್ಚಿಯ ಕಾಲೊಂದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಸೊಟ್ಟಗಿದೆಯೇ ಎಂದು ನೋಡುತ್ತಿದ್ದರು. ಎಲ್ಲರೂ ಅವರನ್ನು ಮೇಸ್ತ್ರಿ ಎಂದು ಕೂಗುತ್ತಿದ್ದರು.

“ಏನು ಬೇಕಿತ್ತಮ್ಮ? ಬಾಗಿಲಾ, ಮಂಚಾನಾ?”

“ನಿಮ್ಮ ತಂದೆಯವರ ವಿಷಯ ಮಾತಾಡ್ಬೇಕಿತ್ತು.”

“ಅವರು ಮಾಡಿದ್ದು ಏನಾದ್ರೂ ಮುರೀತಾ?”

“ಇಲ್ಲಪ್ಪ, ಏನೂ ಮುರಿದಿಲ್ಲ.”

“ಅದೇ ಅಂದ್ಕೊಂಡೆ. ಮುರಿಯೋ ಸಾಮಾನು ಅವರು ಮಾಡಿದೋರೇ ಅಲ್ಲ,” ಅಂದು ಮೇಸ್ತ್ರಿ ಕುರ್ಚಿಯ ಕಾಲನ್ನು ಕೆಳಗಿಟ್ಟರು. “ಕೂತ್ಕೊಳ್ಳಿ.”

ಹೇಗೆ ಶುರು ಮಾಡಬೇಕೆಂದು ಮೇಡಂಗೆ ದಾರಿಯುದ್ದಕ್ಕೂ ಹೊಳೆದಿರಲಿಲ್ಲ. ಒಬ್ಬ ಮಗನ ಮುಂದೆ ಅವನಪ್ಪನನ್ನು ಮಂದಬುದ್ಧಿ ಎಂದು ಬರೆದ ಕಾಗದ ಚಾಚುವುದು ಹೇಗೆ? ತಾವು ಬರೆಯುತ್ತಿರುವ ಪುಸ್ತಕದ ಬಗ್ಗೆ, ನಾಲ್ಕನೇ ತರಗತಿಯ ಪಾಠದ ಬಗ್ಗೆ ಸುತ್ತಿ ಬಳಸಿ ಹೇಳಿದರು. ಮೇಸ್ತ್ರಿ ಕೈಗಳನ್ನು ಒರೆಸಿಕೊಂಡು ತಾವೇ ಕೈ ನೀಡಿದರು. “ಚೀಲದಲ್ಲಿ ಏನೋ ಇದೆ, ಕೊಡಿ ಅಮ್ಮ. ಆಗ್ಲಿಂದ ಅದನ್ನೇ ಸವರ್ತಾ ಇದೀರ.”

ಪುಟದ ನಕಲನ್ನು ಬೆಳಕಿಗೆ ಹಿಡಿದು ಅವರು ಬಹಳ ಹೊತ್ತು ನೋಡಿದರು.

“ಮಂದಬುದ್ಧಿ. ಹೂಂ,” ಅಂದರು. “ಅಕ್ಷರ ದುಂಡಗಿದೆ ಹೆಡ್‌ಮಾಸ್ತರದು.” ಆಮೇಲೆ ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ಅಂಗೈಯಿಂದ ನೀವಿದರು. “ನಮ್ಮಪ್ಪಂಗೆ ಕೊನೇವರೆಗೂ ಓದಕ್ಕೆ ಬರ್ಲಿಲ್ಲ. ಅಕ್ಷರಗಳು ನಿಂತ ಜಾಗದಲ್ಲಿ ನಿಲ್ಲಲ್ಲ, ಜಾತ್ರೇಲಿ ಮಕ್ಕಳು ಓಡಾಡಿದ ಹಾಗೆ ಓಡಾಡ್ತವೆ ಅಂತಿದ್ರು. ಆದ್ರೆ ಒಂದು ಮಗೂನ ಎದುರಿಗೆ ನಿಲ್ಲಿಸಿ, ಬರೀ ಕಣ್ಣಲ್ಲೇ ನೋಡಿ, ಇದಕ್ಕೆ ಇಷ್ಟೆತ್ತರದ ಬೆಂಚು ಅಂತ ಹೇಳೋರು. ಆಮೇಲೆ ಅಳೆದ್ರೆ ಒಂದು ಕೂದಲಷ್ಟೂ ಹೆಚ್ಚುಕಮ್ಮಿ ಇರ್ತಿರ್ಲಿಲ್ಲ. ಸ್ಕೂಲಿನ ಸಣ್ಣ ಬೆಂಚು, ಮೊದಲನೇದು ಇದೇ ಶೆಡ್ಡಲ್ಲಿ ಆಗಿದ್ದು.”

“ಡೈರೆಕ್ಟರು ಇಲ್ಲಿಗೆ ಬರ್ತಿದ್ರಾ?”

“ಚಿಕ್ಕಪ್ಪನಾ? ಪ್ರತಿ ಭಾನುವಾರ. ಬೆಳಗ್ಗೆ ಎಂಟಕ್ಕೆ ಹೊಡೆದ ಹಾಗೆ ಬಂದು, ಅಗೋ ಅಲ್ಲಿ, ಒಂದು ಪೆಟ್ಟಿಗೆ ಬೋರಲು ಹಾಕ್ಕೊಂಡು ಕೂತ್ಕೊಳ್ಳೋರು. ಕೈಯಲ್ಲಿ ಒಂದು ರಾಶಿ ಕಾಗದ. ಅಪ್ಪ ಮರಕ್ಕೆ ಕೀಸುಳಿ ಹಾಕ್ತಾ ಇರೋರು, ಇವರು ಓದಿ ಹೇಳೋರು. ಸರ್ಕಾರದ ಕಾಗದ ಎಲ್ಲಾ ಮೊದಲು ಇಲ್ಲೇ ಓದಿದ್ದು. ಓದ್ತಾ ಓದ್ತಾ ಅಪ್ಪನ ಕೀಸುಳಿ ನಿಂತುಬಿಡ್ತು ಅಂದ್ರೆ, ಅರ್ಥ ಆಗ್ಲಿಲ್ಲ ಅಂತ ಲೆಕ್ಕ. ‘ಏನಂದೆ?’ ಅನ್ನೋರು ಅಪ್ಪ. ಚಿಕ್ಕಪ್ಪ ಅಲ್ಲೊಂದು ಗುರುತು ಹಾಕೋರು.”

ಮೇಡಂ ಕೂತಲ್ಲೇ ಮುಂದಕ್ಕೆ ಬಾಗಿದರು. ಆ ಆಜ್ಞೆಯ ಹದಿನೇಳು ಕರಡುಗಳು ರೆಕಾರ್ಡ್ ರೂಮಿನಲ್ಲಿದ್ದವು. ಹೊಡೆದುಹಾಕಿದ ಪ್ರತಿ ವಾಕ್ಯದ ಪಕ್ಕದಲ್ಲೂ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಒಂದು ಸಣ್ಣ ‘ಅ’. ಹಿಂದೆ ನೋಡಿದವರು ಅದನ್ನು ‘ಅನಗತ್ಯ’ ಎಂದು ಓದಿದ್ದರು. ಮೇಡಂ ತಮ್ಮ ಮೂರನೆಯ ಅಧ್ಯಾಯದಲ್ಲಿ, ಸಾಕಷ್ಟು ಜಂಬದಿಂದಲೇ, ಅದು ‘ಅಸ್ಪಷ್ಟ’ ಇರಬೇಕೆಂದು ಒಂದೂವರೆ ಪುಟ ವಾದಿಸಿದ್ದರು.

“ಏನು ಗುರುತು?” ಅಂತ ಕೇಳಿದರು, ಉತ್ತರ ಗೊತ್ತಿದ್ದೂ.

“ಅ. ಅಣ್ಣ ಅಂತ. ಅಣ್ಣನಿಗೆ ತಿಳೀಲಿಲ್ಲ ಅಂತ. ಇವನಿಗೇ ತಿಳೀಲಿಲ್ಲ ಅಂದ್ಮೇಲೆ ಹಳ್ಳಿ ಮೇಷ್ಟರಿಗೆ ಏನು ತಿಳಿಯತ್ತೆ ಅನ್ನೋರು. ಅಪ್ಪಂಗೆ ಕೋಪ ಬರೋದು, ‘ನಾನೇನು ನಿನ್ನ ಅಳತೆಗೋಲಾ’ ಅಂತ. ಇಬ್ಬರೂ ಜಗಳ ಆಡೋರು, ಆಮೇಲೆ ಟೀ ಕುಡಿಯೋರು.”

ಮೇಡಂ ಒಂದೂವರೆ ಪುಟವನ್ನು ಮನಸ್ಸಿನಲ್ಲೇ ಹರಿದು ಬಿಸಾಕಿದರು. ಬೇಸರವಾಗಲಿಲ್ಲ. ನಗು ಬಂತು.

“ಮತ್ತೆ ಆ ಫೇಲಾದ ಕಥೆ? ಅದು ತಮ್ಮದೇ ಅಂತ ಯಾಕೆ ಹೇಳಿದ್ರು?”

“ಹೇಳ್ಲಿಲ್ಲ ಅವರು. ಯಾವುದೋ ಸ್ಕೂಲಿನ ಬಹುಮಾನದ ದಿನ ಭಾಷಣ ಮಾಡ್ತಾ, ‘ನಮ್ಮ ಮನೆಯ ಹುಡುಗನೊಬ್ಬ ಎರಡು ಸಲ ಫೇಲಾಗಿ ಮೆಟ್ಟಿಲ ಮೇಲೆ ಕೂತು ಅತ್ತ’ ಅಂದ್ರಂತೆ. ಪೇಪರಿನೋರು ಅದು ಇವರೇ ಅಂದ್ಕೊಂಡು ಬರೆದುಬಿಟ್ರು. ಮುಂದಿನ ಭಾನುವಾರ ಚಿಕ್ಕಪ್ಪ ಒಂದು ಕಾಗದ ಹಿಡ್ಕೊಂಡು ಬಂದ್ರು, ಪೇಪರಿಗೆ ಕಳಿಸೋಕೆ. ನಾನು ಆಗ ಇಲ್ಲೇ ಅಂಟು ಕಾಯಿಸ್ತಿದ್ದೆ, ಹನ್ನೆರಡು ವರ್ಷ ನನಗೆ. ಓದಿದ್ರು. ‘ಆ ಹುಡುಗ ನಾನಲ್ಲ, ನನ್ನ ಅಣ್ಣ.’ ಕೀಸುಳಿ ನಿಂತೋಯ್ತು.”

ಶೆಡ್ಡಿನ ಆ ತುದಿಯಲ್ಲಿ ಯಾರೋ ಮೊಳೆ ಹೊಡೆಯುತ್ತಿದ್ದರು.

“ಏನಂದೆ ಅಂತ ಕೇಳ್ಲಿಲ್ಲ ಅಪ್ಪ. ಸುಮ್ನೆ ನಿಂತಿದ್ರು. ಆಗ ಅವರ ಕೈಕೆಳಗೆ ಹತ್ತು ಜನ ಕೆಲಸ ಮಾಡ್ತಿದ್ರು ಅಮ್ಮ. ಓದಕ್ಕೆ ಬರಲ್ಲ ಅಂತ ಅವರಲ್ಲಿ ಒಬ್ಬರಿಗೂ ಗೊತ್ತಿರ್ಲಿಲ್ಲ. ಕನ್ನಡಕ ಮರೆತೆ, ಕೈ ಅಂಟಾಗಿದೆ, ಏನೋ ಒಂದು ಹೇಳಿ ನನ್ನ ಕೈಲಿ ಓದಿಸೋರು. ಚಿಕ್ಕಪ್ಪ ಅವರ ಮುಖ ನೋಡಿದ್ರು. ಕಾಗದ ಮಡಚಿ, ನನ್ನ ಅಂಟಿನ ಒಲೆಗೆ ಹಾಕಿಬಿಟ್ರು. ಮತ್ತೆ ಆ ಮಾತು ಎತ್ತಲಿಲ್ಲ, ಹೆಂಡತಿ ಮಕ್ಕಳ ಹತ್ರಾನೂ. ಅವರು ಹೋದ್ಮೇಲೆ ಅಪ್ಪ ಸಂಜೇವರೆಗೂ ತಮ್ಮಷ್ಟಕ್ಕೆ ತಾವೇ ನಗ್ತಿದ್ರು. ‘ಚಿಕ್ಕವನಿದ್ದಾಗ ನನ್ನ ಚಡ್ಡಿ ತಗೊಂಡ, ನನ್ನ ಸ್ಲೇಟು ತಗೊಂಡ. ಈಗ ನೋಡು, ನನ್ನ ಫೇಲನ್ನೂ ತಗೊಂಡ!’ ಅಂತ.”

ಹೇಳಿ ಮೇಸ್ತ್ರಿಯೂ ನಕ್ಕರು, ನಗುತ್ತ ಕಣ್ಣೊರೆಸಿಕೊಂಡರು.

ಆಮೇಲೆ ಹೇಳಿದ್ದು ಅಷ್ಟು ನಗುವಂಥದ್ದಲ್ಲ. ಡೈರೆಕ್ಟರು ಐವತ್ತೆಂಟಕ್ಕೇ ತೀರಿಕೊಂಡಾಗ ಅವರ ಹೆಂಡತಿ ಬೇರೆ ಊರಿಗೆ ಮಗಳ ಮನೆಗೆ ಹೋದರು. ಅಲ್ಲಿಂದ ಭಾವನಿಗೆ ಎರಡು ಕಾಗದ ಬರೆದರು. ಮೇಸ್ತ್ರಿಯ ಅಪ್ಪ ಉತ್ತರ ಬರೆಸಲಿಲ್ಲ. ಮಗನ ಕೈಬರಹದಲ್ಲಿ ಕಾಗದ ಹೋದರೆ ಆಕೆಗೆ ಎಲ್ಲ ಗೊತ್ತಾಗಿಬಿಡುತ್ತದೆ, ನನ್ನ ತಮ್ಮ ಇಷ್ಟು ವರ್ಷ ಮುಚ್ಚಿಟ್ಟದ್ದು ಮಣ್ಣುಪಾಲಾಗುತ್ತದೆ; ನಾನೇ ಒಂದು ಸಲ ಹೋಗಿ ಮಾತಾಡಿಸಿಕೊಂಡು ಬರುತ್ತೇನೆ ಎನ್ನುತ್ತಿದ್ದರು. ಹೋಗುವುದರೊಳಗೆ ಕಾಯಿಲೆ ಬಿದ್ದು ಅವರೂ ತೀರಿಕೊಂಡರು. ಎರಡು ಮನೆಗಳ ನಡುವೆ ಮಾತು ನಿಂತದ್ದು ಹಾಗೆ. ಡೈರೆಕ್ಟರ ಮಗಳು ಎಷ್ಟೋ ವರ್ಷದ ಮೇಲೆ ಇದೇ ಊರಿಗೆ ವಾಪಸು ಬಂದರೂ ಇವರು ಹೋಗಲಿಲ್ಲ, ಅವರು ಬರಲಿಲ್ಲ.

“ನಾನಿದನ್ನ ಬರೆದ್ರೆ ನಿಮಗೆ ಬೇಜಾರಿಲ್ವಾ?” ಅಂತ ಮೇಡಂ ಕೇಳಿದರು.

ಮೇಸ್ತ್ರಿ ಯೋಚಿಸಿದರು. “ಅಪ್ಪನ ಕಾಲದಲ್ಲಿ ಅದು ನಾಚಿಕೆ ವಿಷಯ. ನನ್ನ ಮೊಮ್ಮಗಳಿಗೂ ಹಾಗೇ ಅಮ್ಮ, ಅಕ್ಷರ ಓಡಾಡ್ತವೆ. ಅವಳ ಸ್ಕೂಲಲ್ಲಿ ಅದಕ್ಕೇ ಅಂತ ಒಬ್ಬ ಟೀಚರಿದ್ದಾರೆ. ಅವಳು ಬಂದೋರಿಗೆಲ್ಲ ಹೇಳ್ತಾಳೆ, ನಾನು ನಮ್ಮ ಮುತ್ತಜ್ಜನ ತರ ಅಂತ. ಜಂಬ ಬೇರೆ. ನಮ್ಮದೇನೂ ಅಡ್ಡಿಯಿಲ್ಲ. ಆದ್ರೆ ಕಥೆ ಚಿಕ್ಕಪ್ಪ ಇಟ್ಟುಕೊಂಡಿದ್ದು. ಅವರ ಮಗಳನ್ನ ಕೇಳಿ. ಅವಳು ಬೇಡ ಅಂದ್ರೆ ಬೇಡ.”

ಮೇಡಂ ಹೆದರುತ್ತಿದ್ದದ್ದೂ ಅದಕ್ಕೇ. ಡೈರೆಕ್ಟರ ಮಗಳಿಗೆ ಎಂಬತ್ತೊಂದು ವರ್ಷ. ಈ ಪುಸ್ತಕ ಬರೆಯಲು ಹೇಳಿದವರೇ ಅವರು. ಊರಿಗೆ ವಾಪಸು ಬಂದಾಗಿನಿಂದ ಯಾವ ಶಾಲೆಯ ವಾರ್ಷಿಕೋತ್ಸವವಿದ್ದರೂ ಅವರೇ ಮುಖ್ಯ ಅತಿಥಿ, ಮೆಟ್ಟಿಲ ಮೇಲೆ ಅತ್ತ ಹುಡುಗನ ಕಥೆಯೇ ಅವರ ಭಾಷಣ. ಹೇಳುವಾಗ ಸ್ಲೇಟು ತಬ್ಬಿಕೊಂಡಂತೆ ಕೈ ಮಾಡಿ ತೋರಿಸುತ್ತಿದ್ದರು. ಆ ಜಾಗಕ್ಕೆ ಬಂದಾಗ ಮೂರು ಸಾವಿರ ಮಕ್ಕಳಾದರೂ ಪಿಟ್ಟೆನ್ನುತ್ತಿರಲಿಲ್ಲವಂತೆ.

ಮೂರನೆಯ ಮಹಡಿಯ ಆ ಮನೆಯ ಹಜಾರದಲ್ಲಿ ಗಾಜಿನ ಬಾಗಿಲಿನ ಪುಸ್ತಕದ ಬೀರುಗಳು. ನಡುವೆ ಡೈರೆಕ್ಟರ ದೊಡ್ಡ ಫೋಟೋ, ಅದರ ಕೆಳಗೆ ನೆಟ್ಟಗೆ ಕೂತ ಮಗಳು. ಮೇಡಂ ಹಿಂದಿನ ವಾರ ಕೊಟ್ಟಿದ್ದ ಅಧ್ಯಾಯದಲ್ಲಿ ಕಾಗುಣಿತದ ತಪ್ಪು ಹುಡುಕಿ ಕೆಂಪು ಪೆನ್ನಿನಲ್ಲಿ ಗುರುತು ಮಾಡುತ್ತಿದ್ದರು.

“ನಿಮ್ಮ ಅಲ್ಪವಿರಾಮಗಳು ಬಹಳ ಜಾಸ್ತಿಯಾದ್ವು, ಮೇಡಂ. ಒಂದೊಂದು ಪದಕ್ಕೂ ಉಸಿರು ತಗೊಂಡ್ರೆ ಪುಸ್ತಕ ಮುಗಿಯೋದು ಯಾವಾಗ?”

ಮೇಡಂ ಉಸಿರು ತೆಗೆದುಕೊಳ್ಳದೆ ಹೇಳಿಬಿಟ್ಟರು. ದಾಖಲಾತಿ ಪುಸ್ತಕದ ಪುಟವನ್ನು ಮುಂದಿಟ್ಟರು. ಮೇಲಿನ ಸಾಲಿಗೆ ಬರುವ ಮೊದಲೇ ಆಕೆ ಕೆಂಪು ಪೆನ್ನನ್ನು ಪಟ್ಟನೆ ಮುಚ್ಚಿದರು.

“ಅಂದ್ರೆ ನೀವು ಒಂದು ವರ್ಷದಿಂದ ಕೂತು ನಮ್ಮಪ್ಪನ್ನ ಪಾಸ್ ಮಾಡಿಸಿದ್ರಾ?”

“ನಾನಲ್ಲ, ಅವರೇ...”

“ಮೂವತ್ತೈದು ವರ್ಷ! ಮೂವತ್ತೈದು ವರ್ಷದಿಂದ ನಾನು ಮಕ್ಕಳ ಮುಂದೆ ನಿಂತು ಸುಳ್ಳು ಹೇಳ್ತಾ ಬಂದಿದೀನಾ? ಯಾರೋ ಗುಮಾಸ್ತ ಸಾಲು ತಪ್ಪಿ ಬರೆದಿರ್ತಾನೆ. ಈ ಕಾಗದ ವಾಪಸು ಇಟ್ಕೊಳ್ಳಿ.”

“ಸಾಲು ತಪ್ಪಿಲ್ಲ. ಮೇಲಿನ ಸಾಲು ನಿಮ್ಮ ದೊಡ್ಡಪ್ಪಂದು.”

“ದೊಡ್ಡಪ್ಪನ ಹೆಸರು ಈ ಮನೇಲಿ ಎತ್ತಬೇಡಿ. ಅಮ್ಮ ಎರಡು ಕಾಗದ ಬರೆದ್ಳು, ಅಪ್ಪ ತೀರಿಕೊಂಡ ವರ್ಷ. ಒಂದು ಸಾಲು ಉತ್ತರ ಬರ್ಲಿಲ್ಲ. ಸಾಯೋತನಕ ಅಮ್ಮ ಆ ಕೊರಗು ಬಿಡ್ಲಿಲ್ಲ.”

“ಅವರಿಗೆ ಬರೆಯಕ್ಕೆ ಬರ್ತಿರ್ಲಿಲ್ಲ,” ಅಂದರು ಮೇಡಂ. “ಓದಕ್ಕೂ ಬರ್ತಿರ್ಲಿಲ್ಲ. ನಿಮ್ಮ ತಂದೆಯವರು ಅದನ್ನ ಯಾರಿಗೂ ಹೇಳ್ಲಿಲ್ಲ.”

ಮೇಡಂ ಶೆಡ್ಡಿನಲ್ಲಿ ಕೇಳಿದ್ದೆಲ್ಲವನ್ನೂ ಹೇಳಿದರು, ಭಾನುವಾರಗಳನ್ನು, ಅಂಚಿನ ‘ಅ’ವನ್ನು, ಅಂಟಿನ ಒಲೆಗೆ ಹೋದ ಕಾಗದವನ್ನು. ಅಡುಗೆಮನೆಯಲ್ಲಿ ನೀರು ಕುದಿದು ಕುದಿದು ಬತ್ತಿಹೋಗುವ ಸದ್ದಾಯಿತು. ಮೇಡಂ ತಾವೇ ಎದ್ದು ಹೋಗಿ ಒಲೆ ಆರಿಸಿ ಬಂದರು. ವಾಪಸು ಬಂದಾಗ ಡೈರೆಕ್ಟರ ಮಗಳು ಫೋಟೋದ ಕಡೆ ಬೆನ್ನು ಮಾಡಿ, ಕಿಟಕಿಯ ಹತ್ತಿರ ನಿಂತಿದ್ದರು.

“ನನಗೊಂದು ಕಥೆ ಪುಸ್ತಕ ಇತ್ತು,” ಅಂದರು. “ಐದು ವರ್ಷ ಇರಬಹುದು ನನಗೆ. ದೊಡ್ಡಪ್ಪ ಬಂದಾಗೆಲ್ಲ ತೊಡೆ ಮೇಲೆ ಹತ್ತಿ ಕೂತು ಓದು ಅಂತಿದ್ದೆ. ಓದೋರು. ಪುಟ ತಿರುಗಿಸಿ ತಿರುಗಿಸಿ, ರಾಗವಾಗಿ. ಆದ್ರೆ ಒಂದೊಂದು ಸಲ ಒಂದೊಂದು ಕಥೆ ಬರೋದು. ಒಂದು ಸಲ ನರಿ ಗೆಲ್ಲೋದು, ಒಂದು ಸಲ ಆಮೆ. ಒಂದು ಸಲ ನರಿ ಬಡಗಿಯಾಗಿ ಆಮೆಗೆ ಮನೆ ಕಟ್ಟಿಕೊಡ್ತು. ನಾನು ಕಿರುಚಾಡ್ತಿದ್ದೆ, ಪುಸ್ತಕದಲ್ಲಿ ಹಾಗಿಲ್ಲ, ಪುಸ್ತಕದಲ್ಲಿ ಹಾಗಿಲ್ಲ ಅಂತ. ಆಗ ಅವರು ಪುಸ್ತಕ ಮುಖದ ಹತ್ರ ಹಿಡಿದು, ಬಹಳ ಗಂಭೀರವಾಗಿ, ‘ಅಚ್ಚು ಹಾಕಿದೋರು ತಪ್ಪು ಮಾಡಿದಾರೆ ಮಗಾ’ ಅನ್ನೋರು.”

ಅವರ ಭುಜಗಳು ಅಲುಗಿದವು. ಅಳುತ್ತಿದ್ದಾರೆಂದು ಮೇಡಂ ಗಾಬರಿಯಾಗಿ ಹತ್ತಿರ ಹೋದರೆ, ಆಕೆ ನಗುತ್ತಿದ್ದರು. ಎರಡೂ ಇತ್ತೋ ಏನೋ.

“ಅಪ್ಪ ಅಲ್ಲೇ ಪಕ್ಕದಲ್ಲಿ ಕೂತಿರ್ತಿದ್ರು. ನನ್ನ ಮೇಲೆ ಸಿಡುಕೋರು, ದೊಡ್ಡಪ್ಪ ಹೇಳಿದ್ದೇ ಸರಿ, ನೀನು ಸುಮ್ನಿರು ಅಂತ. ಕಾಗುಣಿತದಲ್ಲಿ ಒಂದು ಕೊಂಬು ತಪ್ಪಿದ್ರೆ ಕಿವಿ ಹಿಂಡ್ತಿದ್ದ ಮನುಷ್ಯ!” ಆಕೆ ಕಣ್ಣೊರೆಸಿಕೊಂಡು ಮೇಡಂ ಕಡೆ ತಿರುಗಿದರು. “ಅವನಿದಾನಾ ಇನ್ನೂ? ಉದ್ದ ಕಾಲಿನವನು? ಕೊಕ್ಕರೆ ಅಂತ ಕರೀತಿದ್ದೆ.”

“ಇದಾರೆ. ಕಾಲು ಇನ್ನೂ ಅಷ್ಟೇ ಉದ್ದ.”

“ನಾಳೆ ಬರ್ತೀರಾ ನನ್ನ ಜೊತೆ? ಒಬ್ಬಳೇ ಹೋಗೋಕೆ ನನಗೆ...” ಎಂದವರು ಆ ಮಾತನ್ನು ಮುಗಿಸಲಿಲ್ಲ. ಬದಲಿಗೆ ಕೆಂಪು ಪೆನ್ನನ್ನು ಮತ್ತೆ ಬಿಚ್ಚಿದರು. “ಮೂರನೇ ಅಧ್ಯಾಯ ತೆಗೀರಿ. ಅದರಲ್ಲಿ ಅಸ್ಪಷ್ಟ ಅಂತ ಏನೋ ಒಂದೂವರೆ ಪುಟ ಕೊರೆದಿದ್ರಲ್ಲ, ಅದನ್ನ ನಾನೇ ಹೊಡೆದು ಹಾಕ್ತೀನಿ. ನನಗಾಗ್ಲೇ ಅನುಮಾನ ಇತ್ತು.”

ಮಾರನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ಶೆಡ್ಡಿನ ಮುಂದೆ ಕಾರು ನಿಂತಿತು. ಮೇಡಂ ಕೈ ಕೊಡುವ ಮೊದಲೇ ಡೈರೆಕ್ಟರ ಮಗಳು ಇಳಿದು, ಬಾಗಿಲಲ್ಲಿ ಅಡ್ಡ ಬಿದ್ದಿದ್ದ ಹಲಗೆಗಳನ್ನು ಒಂದೊಂದಾಗಿ ದಾಟಿ ಒಳಗೆ ನಡೆದುಬಿಟ್ಟಿದ್ದರು. ಒಳಗೆ ಯಂತ್ರದ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ. ಆಕೆ ನಡುವೆ ನಿಂತು, ವಾರ್ಷಿಕೋತ್ಸವಗಳಲ್ಲಿ ಪಳಗಿದ ಗಂಟಲಿನಿಂದ ಕೂಗಿದರು.

“ಕೊಕ್ಕರೇ!”

ಯಂತ್ರ ನಿಂತಿತು. ಕೆಲಸದವರೆಲ್ಲ ತಿರುಗಿ ನೋಡಿದರು. ಅವರಲ್ಲಿ ಯಾರೂ ಮೇಸ್ತ್ರಿಯನ್ನು ಆ ಹೆಸರಿನಿಂದ ಕರೆದದ್ದನ್ನು ಕೇಳಿರಲಿಲ್ಲ. ಕಿಟಕಿಯ ಹತ್ತಿರ ಬಗ್ಗಿದ್ದ ಎಪ್ಪತ್ತೊಂಬತ್ತು ವರ್ಷದ ಮುದುಕರು ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿಕೊಂಡರು.

“ಇನ್ನೂ ಇಷ್ಟು ಜೋರಾಗೇ ಕೂಗ್ತೀಯಲ್ಲ ಅಕ್ಕ,” ಅಂದರು.

ಅಕ್ಕ ಅಂದದ್ದಷ್ಟೇ. ಆಕೆ ಹೋಗಿ ಅವರ ಎರಡೂ ಮುಂಗೈಗಳನ್ನು ಹಿಡಿದುಕೊಂಡು ನಿಂತರು, ಬಿಡಲೇ ಇಲ್ಲ. ಆಮೇಲೆ ಯಾರೋ ಕುರ್ಚಿ ತಂದರು, ಯಾರೋ ಟೀಗೆ ಓಡಿದರು. ಕುರ್ಚಿಯಲ್ಲಿ ಕೂತ ಕೂಡಲೇ ಅಕ್ಕ ವಿಚಾರಣೆ ಶುರು ಮಾಡಿದರು: ನೀನಾದರೂ ಬಂದು ಹೇಳಬಾರದಿತ್ತೇನೋ? ಮೇಸ್ತ್ರಿ ಹೇಳಿದರು: ನೀನಾದರೂ ಬಂದು ಬೈಯಬಾರದಿತ್ತೇ? ಬೈಯೋದು ಬಾಕಿ ಇದೆ, ಇರು, ಅಂದರು ಆಕೆ. ಬರುವ ತಿಂಗಳು ಒಂದು ಶಾಲೆಯಲ್ಲಿ ನನ್ನ ಭಾಷಣ ಇದೆ, ಈ ಸಲ ಕಥೆ ಸರಿಯಾಗಿ ಹೇಳಬೇಕು, ನೀನೂ ಬಂದು ವೇದಿಕೆ ಮೇಲೆ ಕೂರಬೇಕು, ಮೊಮ್ಮಗಳನ್ನೂ ಕರೆದುಕೊಂಡು ಬಾ. ನನಗೆ ಕೋಟು ಇಲ್ಲ, ಅಂದರು ಮೇಸ್ತ್ರಿ. ಹೊಲಿಸು, ಅಂದರು ಅಕ್ಕ. ಅಷ್ಟರಲ್ಲಿ ಆಮೆ ನರಿಯ ಕಥೆ ಬಂತು. ನರಿ ಬಡಗಿಯಾದದ್ದಲ್ಲ, ಆಮೆ ಬಡಗಿಯಾದದ್ದು, ನನಗೂ ಹೇಳಿದಾರೆ, ಅಂತ ಮೇಸ್ತ್ರಿ ಪಟ್ಟು ಹಿಡಿದರು. ನನಗೆ ಮೊದಲು ಹೇಳಿದ್ದು, ನಾನು ನಿನಗಿಂತ ಎರಡು ವರ್ಷ ದೊಡ್ಡವಳು, ಅಂತ ಆಕೆ.

ಮೇಡಂ ಸ್ವಲ್ಪ ದೂರದಲ್ಲಿ ನೋಟ್‌ಬುಕ್ಕು ತೆರೆದು ಕೂತಿದ್ದರು. ಮೊದಲು ಎರಡು ಸಾಲು ಬರೆದರು. ಆಮೇಲೆ ಪೆನ್ನು ಹಿಡಿದುಕೊಂಡು ಸುಮ್ಮನೆ ನೋಡುತ್ತ ಕೂತರು. ಆಮೇಲೆ ನೋಟ್‌ಬುಕ್ಕನ್ನೇ ಮುಚ್ಚಿ ಚೀಲದೊಳಗಿಟ್ಟರು.

“ಮೇಡಂ, ಸ್ವಲ್ಪ ಈ ಕಡೆ ಹಿಡ್ಕೊಳ್ತೀರಾ?” ಅಂದಳು ಗರಗಸ ಹಿಡಿದು ನಿಂತಿದ್ದ ಕೆಲಸದವಳೊಬ್ಬಳು. ಅವಳ ಜೊತೆಗಾರ ಟೀ ತರಲು ಹೋಗಿದ್ದ. ಕಟ್ಟೆಯ ಮೇಲೆ ಉದ್ದನೆಯ ಹಲಗೆಯೊಂದು ಅರ್ಧ ಹೊರಗೆ ಚಾಚಿ ಜೋಲುತ್ತಿತ್ತು.

“ಹೇಗೆ ಹಿಡೀಬೇಕು?”

“ಗಟ್ಟಿಯಾಗೇನೂ ಬೇಡ. ಬೀಳದ ಹಾಗೆ ಅಷ್ಟೇ.”

ಮೇಡಂ ತೋಳು ಮಡಚಿಕೊಂಡು ಹಲಗೆಯ ತುದಿಯನ್ನು ಎರಡೂ ಅಂಗೈಗಳ ಮೇಲೆ ಎತ್ತಿ ಹಿಡಿದರು. ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು. ಗರಗಸ ಆ ತುದಿಯಲ್ಲಿ ಮರಕ್ಕೆ ಇಳಿಯಿತು. ಅದರ ನಡುಕ ಹಲಗೆಯುದ್ದಕ್ಕೂ ಹರಿದು ಬಂದು ಅವರ ಕೈ ಸೇರುತ್ತಿತ್ತು. ಕಿಟಕಿಯ ಬಿಸಿಲಿನಲ್ಲಿ ಮರದ ಪುಡಿ ಮೆಲ್ಲಗೆ ಕೆಳಗಿಳಿಯುತ್ತಿತ್ತು.